ನರಕೋಶವನ್ನು ಬದುಕಿಸಿಕೊಂಡೇ ಕೊಲ್ಲುವ ರೇಬೀಸ್

ರೇಬೀಸ್ ಬಂದು ಸತ್ತವರ ಮಿದುಳನ್ನು ಬರಿಗಣ್ಣಲ್ಲಿ ನೋಡಿದರೆ ದೊಡ್ಡ ಹಾನಿಯೇನೂ ಕಾಣುವುದಿಲ್ಲ. ಸ್ವಲ್ಪ ಊದಿರಬಹುದು, ಅಷ್ಟೇ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನರಕೋಶಗಳ ಒಳಗೆ ದುಂಡನೆಯ ಕೆಂಪು ಚುಕ್ಕೆಗಳು ಸಿಗುತ್ತವೆ. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ಗುರುತಿಸಿದ ಇವು ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳುವ ಜಾಗ. ಇಷ್ಟೆಲ್ಲ ಆದರೂ ಹೆಚ್ಚಿನ ಕೋಶಗಳು ಸತ್ತಿರುವುದಿಲ್ಲ. ವಿಚಿತ್ರ ಅಲ್ವಾ?

ನಾಯಿ ಪಾದಕ್ಕೆ ಕಚ್ಚಿತು ಅಂತಿಟ್ಟುಕೊಳ್ಳಿ. ಅಲ್ಲಿಂದ ಬೆನ್ನುಹುರಿಯವರೆಗೆ ಸುಮಾರು ಒಂದು ಮೀಟರ್ ದಾರಿ, ಅದೂ ಒಂದೇ ಕೋಶದ ಎಳೆ! ವೈರಸ್ ಮೇಲೆ ಹೋಗಬೇಕಾದ್ದು ಆ ಎಳೆಯ ಒಳಗೇ. ಮಧ್ಯದಲ್ಲಿ ಕೋಶ ಸತ್ತರೆ ಕೂತ ಕೊಂಬೆಯನ್ನೇ ಕಡಿದ ಹಾಗೆ.

ಈ ಆಟವೆಲ್ಲ ವೈರಸ್ಸಿನ ಹೊರಮೈಯಲ್ಲಿರುವ ಜಿ ಪ್ರೋಟೀನಿನದು. ಅದು ಜಾಸ್ತಿ ತಯಾರಾದರೆ ಸೋಂಕು ತಗಲಿದ ಕೋಶ ತಾನಾಗಿಯೇ ಸಾಯಲು ಶುರುಮಾಡುತ್ತದೆ, ದೇಹದ ಕಾವಲು ಪಡೆಗೂ ಸುಳಿವು ಸಿಗುತ್ತದೆ. ಹಾಗಾಗಿ ಅಪಾಯಕಾರಿ ತಳಿಗಳು ಅದನ್ನು ಹಿಡಿತದಲ್ಲಿಟ್ಟು ತಯಾರಿಸುತ್ತವೆ. ಪ್ಯಾರಿಸ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನವರು ಇನ್ನೊಂದು ಸಂಗತಿ ಕಂಡುಕೊಂಡರು. ನಮ್ಮ ಕೋಶದಲ್ಲಿ ಮ್ಯಾಸ್ಟ್2 ಅನ್ನುವ ಕಿಣ್ವವಿದೆ, ನರಕೋಶದ ಉಳಿವಿಗೆ ಬ್ರೇಕ್ ಹಾಕುವುದು ಅದರ ಕೆಲಸ. ಅಪಾಯಕಾರಿ ತಳಿಯ ಜಿ ಪ್ರೋಟೀನಿನ ಬಾಲ ಆ ಕಿಣ್ವಕ್ಕೆ ಅಂಟಿಕೊಂಡು ಬ್ರೇಕನ್ನೇ ತೆಗೆದುಬಿಡುತ್ತದೆ. ಬಾಲದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಕೋಶ ಉಳಿಯುವ ಬದಲು ಸಾಯುತ್ತದೆ. ಅಂದರೆ ರೋಗ ತರುವ ಶಕ್ತಿ ಕುಂದಿದ ಸಾಧು ತಳಿಯೇ ಕೋಶ ಕೊಲ್ಲುವುದು, ಕ್ರೂರ ತಳಿ ಬದುಕಿಸುವುದು. ನನಗಂತೂ ಇದನ್ನು ಮೊದಲು ಓದಿದಾಗ ಅಚ್ಚಿನ ತಪ್ಪು ಅನ್ನಿಸಿತ್ತು.

ಹಾಗಾದರೆ ಮನುಷ್ಯ ಸಾಯುವುದು ಯಾಕೆ? ಕೋಶ ಉಳಿದರೂ ಕೆಲಸ ಕೆಡುತ್ತದೆ. ವೈರಸ್ಸಿನ ಪಿ ಪ್ರೋಟೀನ್ ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾದ ಮೇಲೆ ಹೋಗಿ ಕೂರುತ್ತದೆ, ಕೆರಳಿದ ಆಮ್ಲಜನಕದ ಅಣುಗಳು ಹೆಚ್ಚುತ್ತವೆ, ನರದ ಎಳೆಗಳು ಅಲ್ಲಲ್ಲಿ ಮಣಿ ಪೋಣಿಸಿದ ಹಾಗೆ ಊದಿಕೊಳ್ಳುತ್ತವೆ. ಉಸಿರಾಟ, ಹೃದಯ ನೋಡಿಕೊಳ್ಳುವ ಮಿದುಳುಕಾಂಡದಲ್ಲಿ ಹೀಗೆ ಕೆಲಸ ಕೆಟ್ಟರೆ ಮುಗಿಯಿತು.

ಕಾಡುಪ್ರಾಣಿಗಳ ಲಸಿಕೆಗೆ ಬಳಕೆಯಾದದ್ದು ಆ ಸಾಧು ತಳಿಯ ಬಳಗದ್ದೇ ವೈರಸ್. 1978ರಲ್ಲಿ ಸ್ವಿಟ್ಜರ್‌ಲೆಂಡಿನವರು ಅದನ್ನು ಕೋಳಿತಲೆಗಳಲ್ಲಿ ತುಂಬಿ ಕಣಿವೆಯಲ್ಲಿ ಎಸೆದರು, ಕೆಂಪುನರಿಗಳು ತಿಂದುಕೊಂಡು ಹೋದವು.