ಒಳ್ಳೆಯ ವೇಗವರ್ಧಕ ಹಾಕಿದರೆ ಜಾಸ್ತಿ ಹೈಡ್ರೋಜನ್ ಬರುತ್ತದೆಯೇ?

ಮೀಥೇನ್ ಅನಿಲವನ್ನು ಹಬೆಯ ಜೊತೆ ಕುಲುಮೆಯ ಕೊಳವೆಗಳಲ್ಲಿ ಕಾಯಿಸಿ ಹೈಡ್ರೋಜನ್ ಮಾಡುತ್ತಾರೆ. ಕ್ರಿಯೆ ಚುರುಕಾಗಲೆಂದು ಕೊಳವೆಗಳಲ್ಲಿ ನಿಕ್ಕಲ್ ಇರುವ ಬಿಲ್ಲೆಗಳನ್ನು ತುಂಬಿರುತ್ತಾರೆ, ಅದೇ ವೇಗವರ್ಧಕ. ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಹಿಡಿದು ಮೂಡಿಗೆರೆಯ ಬೆಳೆಗಾರರವರೆಗೆ ಕೇಳುವುದು ಇದನ್ನೇ: "ನಿಕ್ಕಲ್ ಬದಲು ದುಬಾರಿ ಲೋಹ ಹಾಕಿದರೆ ಅಷ್ಟೇ ಗ್ಯಾಸಿನಲ್ಲಿ ಜಾಸ್ತಿ ಹೈಡ್ರೋಜನ್ ಸಿಗುತ್ತದಲ್ಲವೇ? ಕುಲುಮೆಯ ಬಿಸಿಯೂ ಉಳಿಯುತ್ತದಲ್ಲವೇ?"

ಇಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುವುದಿಲ್ಲ, ಹಾಗಾಗಿ ಬುಡದಿಂದಲೇ ನೋಡೋಣ.

ಮೀಥೇನ್ ಮತ್ತು ಹಬೆ ಸೇರಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಆಗಲು ಒಂದು ಮೋಲ್, ಅಂದರೆ 16 ಗ್ರಾಂ, ಮೀಥೇನಿಗೆ 206 ಕಿಲೋಜೂಲ್ ಶಾಖ ಬೇಕು. ಘಾಟಿಯ ಬುಡದ ಗುಂಡ್ಯದಿಂದ ಮೇಲಿನ ಸಕಲೇಶಪುರಕ್ಕೆ ಬರುವವರು ಘಾಟಿ ಹತ್ತಲೇಬೇಕು. ನಡುವೆ ಇನ್ನೊಂದು ಗುಡ್ಡ ಹತ್ತಿ ಇಳಿಯುವುದಿದ್ದರೆ ಅದನ್ನು ಸುರಂಗ ಕೊರೆದು ತಪ್ಪಿಸಬಹುದು, ಸಕಲೇಶಪುರವನ್ನೇ ತಗ್ಗಿಸಲಾಗದು. ವೇಗವರ್ಧಕ ಅಂಥ ಸುರಂಗ, ಸಕಲೇಶಪುರದ ಎತ್ತರದಂಥ ಆ 206 ಕಿಲೋಜೂಲನ್ನು ಕುಲುಮೆ ಕೊಡಲೇಬೇಕು. ಸುರಂಗದಲ್ಲಿ ಗಾಡಿಗಳು ಎರಡೂ ದಿಕ್ಕಿಗೆ ಓಡುತ್ತವೆ: ಹೈಡ್ರೋಜನ್ ವಾಪಸ್ ಮೀಥೇನ್ ಆಗುವುದೂ ಅಷ್ಟೇ ಚುರುಕಾಗುತ್ತದೆ. ಕೊನೆಗೆ ಎಷ್ಟು ಉಳಿಯಬಹುದು ಎಂದು ತೀರ್ಮಾನಿಸುವುದು ಉಷ್ಣತೆ, ಒತ್ತಡ, ಹಬೆಯ ಪ್ರಮಾಣ. ಅದಕ್ಕೇ 800ರಿಂದ 900 ಡಿಗ್ರಿ, ಒಂದು ಪಾಲು ಮೀಥೇನಿಗೆ ಸುಮಾರು ಮೂರು ಪಾಲು ಹಬೆ. ಮುಂದೆ ಮಾನಾಕ್ಸೈಡನ್ನೂ ಹಬೆಯ ಜೊತೆ ಪೂರ್ತಿ ಪರಿವರ್ತಿಸಿದರೂ 1 ಕಿಲೋ ಮೀಥೇನಿಗೆ 500 ಗ್ರಾಂ ಹೈಡ್ರೋಜನ್ನೇ ಗರಿಷ್ಠ. ಅದರಲ್ಲಿ ಅರ್ಧ ನೀರಿನದು. ರೋಡಿಯಂನಂಥ ದುಬಾರಿ ಲೋಹ ಹಾಕಿದರೂ ಈ ಲೆಕ್ಕ ಕದಲದು.

ಹಾಗಾದರೆ ಸುಧಾರಿಸುವುದು ಏನನ್ನು? ಬಾಳಿಕೆಯನ್ನು. ನಿಕ್ಕಲ್ ಕಣ ಮೀಥೇನಿನ ಇಂಗಾಲವನ್ನು ತನ್ನೊಳಗೆ ಕರಗಿಸಿಕೊಂಡು ಹಿಂಬದಿಯಿಂದ ದಾರದಂತೆ ಹೊರಹಾಕುತ್ತದೆ. ಆ ದಾರ ಬೆಳೆಯುತ್ತಾ ಕಣವನ್ನೇ ಬುಡದಿಂದ ಎತ್ತಿ ತುದಿಯಲ್ಲಿ ಹೊತ್ತುಕೊಳ್ಳುತ್ತದೆ, ಬಿಲ್ಲೆ ಪುಡಿಯಾಗುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ. ಅನಿಲ ಹರಿಯದ ಕಡೆ ಕೊಳವೆಯ ಗೋಡೆ ಕೆಂಪು ಪಟ್ಟಿಯಾಗಿ ಕಾಯುತ್ತದೆ. ಇದನ್ನು ತಡೆಯಲು ನಿಕ್ಕಲ್ ಕಣಗಳು ಕೂತಿರುವ ಆಧಾರವಸ್ತುವಿಗೆ ಪೊಟ್ಯಾಶ್ ಸೇರಿಸುತ್ತಾರೆ, ನಿಕ್ಕಲ್ ಕಣಗಳನ್ನು ಸಣ್ಣದಾಗಿಡುತ್ತಾರೆ. 1998ರಲ್ಲಿ ಡೆನ್ಮಾರ್ಕಿನ ಸಂಶೋಧಕರು ನಿಕ್ಕಲ್ ಮೇಲ್ಮೈಗೆ ಚಿನ್ನದ ಪರಮಾಣುಗಳನ್ನು ಕೂರಿಸಿ ಇಂಗಾಲ ಕಟ್ಟುವುದನ್ನು ತಗ್ಗಿಸಿ ತೋರಿಸಿದರು. ಎಂಥ ಚೆಂದದ ಕೆಲಸ! ಬಿಲ್ಲೆಯ ಆಕಾರವೂ ಮುಖ್ಯ: ಕ್ರಿಯೆ ನಡೆಯುವುದು ಹೊರಗಿನ ತೆಳು ಪದರದಲ್ಲಿ ಮಾತ್ರ, ಅದಕ್ಕೇ ಬಿಲ್ಲೆಗೆ ತೂತುಗಳಿರುತ್ತವೆ.

ಇನ್ನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರಿನ ಗೋಬರ್ ಗ್ಯಾಸಿನಿಂದ ಹೈಡ್ರೋಜನ್ ಮಾಡಬಹುದೇ ಎಂದು ಯಾರೂ ನೇರವಾಗಿ ಕೇಳಿಲ್ಲ, ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆಗುತ್ತದೆ, ಆದರೆ ಆ ಕೊಳೆತ ಮೊಟ್ಟೆಯ ವಾಸನೆ ಇದೆಯಲ್ಲ, ಹೈಡ್ರೋಜನ್ ಸಲ್ಫೈಡ್, ಅದರ ಗಂಧಕ ನಿಕ್ಕಲ್‌ಗೆ ವಿಷ. ಗಂಧಕ ಹತ್ತು ಲಕ್ಷಕ್ಕೆ 0.1 ಪಾಲಿಗಿಂತ ಕೆಳಗಿರಬೇಕು. ಅದನ್ನು ತೆಗೆಯಲು ಮೊದಲು ತುಕ್ಕುಹಿಡಿದ ಕಬ್ಬಿಣದ ಚೂರುಗಳ ಹಾಸು, ಆಮೇಲೆ 350ರಿಂದ 400 ಡಿಗ್ರಿಯಲ್ಲಿ ಸತುವಿನ ಆಕ್ಸೈಡ್. ತಣ್ಣಗಿದ್ದರೆ ಅದು ಗಂಧಕವನ್ನು ಸರಿಯಾಗಿ ಹಿಡಿಯದು. ಒಂದು ಎಸ್ಟೇಟಿನ ಗ್ಯಾಸಿಗೆ ಇಷ್ಟೆಲ್ಲ ಕಟ್ಟುವ ಬದಲು ಡ್ರೈಯರಿನ ಬರ್ನರಿಗೆ ಕೊಡುವುದೇ ಸರಿ.