ಶೀಲಾ ಗೌಡ ಬಣ್ಣ ಬಿಟ್ಟು ಸಗಣಿ ಹಿಡಿದದ್ದು ಯಾಕೆ?

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಈಗಲೂ ಗೋಡೆಗೆ ಬೆರಣಿ ತಟ್ಟಿರುತ್ತಾರೆ. ಹತ್ತಿರ ಹೋಗಿ ನೋಡಿ, ಒಂದೊಂದರಲ್ಲೂ ಐದು ಬೆರಳಿನ ಅಚ್ಚು ಇರುತ್ತದೆ. ಶೀಲಾ ಗೌಡ ಅವರ ಕಲೆಯನ್ನು ಆ ಬೆರಳಚ್ಚಿನಿಂದಲೇ ನೋಡಲು ಶುರು ಮಾಡಬೇಕು ಅನ್ನಿಸುತ್ತದೆ ನನಗೆ.

ಅವರು ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಹೀಗೆ ಎಲ್ಲ ಕಡೆ ಕಲಿತದ್ದು ಪೇಂಟಿಂಗ್. 1992ರ ಡಿಸೆಂಬರ್‌ನಲ್ಲಿ ಬಾಬ್ರಿ ಮಸೀದಿ ಉರುಳಿತು. ಮುಂಬೈ ಹೊತ್ತಿ ಉರಿಯಿತು. ಆ ಹಿಂಸೆಯ ಮುಂದೆ ಎಣ್ಣೆಬಣ್ಣ ಸಾಲದಾಯಿತು. ಅವರು ಸಗಣಿ ಕೈಗೆತ್ತಿಕೊಂಡರು.

ಅಂಗಳ ಸಾರಿಸಲು ಸಗಣಿ, ಒಲೆಗೂ ಸಗಣಿ, ಬೆನಕ ಮಾಡಿ ಗರಿಕೆ ಸಿಕ್ಕಿಸಲೂ ಅದೇ. ಕೊಟ್ಟಿಗೆ ಬಾಚುವ ಕೆಲಸ ಜಾಸ್ತಿ ಹೆಂಗಸರದ್ದು. ಹಸು ರಾಜಕೀಯದ ಮಾತಾಗಿದ್ದ ದೇಶದಲ್ಲಿ ಒಂದು ಮುದ್ದೆ ಸಗಣಿ ಇಷ್ಟೆಲ್ಲ ಹೇಳುತ್ತದೆ, ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು 1998ರ 'ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್'. ನನ್ನ ನೋವನ್ನು ಅವನಿಗೆ ಹೇಳು ಅಂತ ಅರ್ಥ. ನೂರು ಮೀಟರ್‌ಗೂ ಉದ್ದದ ದಾರವನ್ನು ಸೂಜಿಯ ಕಣ್ಣಲ್ಲಿ ಎಳೆದರು. ಒಂದು ಸೂಜಿ ಮುಗಿದರೆ ಇನ್ನೊಂದು. ಆ ದಾರಗಳನ್ನೆಲ್ಲ ಒಟ್ಟು ಮಾಡಿ, ಅಂಟು, ಕುಂಕುಮ ಬಳಿದು ಹಗ್ಗ ಮಾಡಿದರು. ನೆಲದ ಮೇಲೆ, ಗೋಡೆಯ ಮೇಲೆ ಅದು ಕರುಳಿನ ಹಾಗೆ ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಮನೆಯೊಳಗಿನ ಹೆಂಗಸರ ದುಡಿಮೆ, ನೋವು ಎರಡೂ ಅಲ್ಲಿವೆ.

2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಅನ್ನೋ ದೊಡ್ಡ ಕಲಾಪ್ರದರ್ಶನದಲ್ಲಿ ಊದುಬತ್ತಿಯ ಹಿಟ್ಟನ್ನು ಜಾಲರಿ ಮೇಲೆ ಹರಡಿ ಸುಟ್ಟರು. ಉಳಿದದ್ದು ಬೂದಿ. ಹೆಸರು 'ಕೊಲ್ಯಾಟರಲ್'. ಯುದ್ಧದಲ್ಲಿ ಸುಮ್ನೆ ಸಾಯುವ ಜನರಿಗೆ ಸೇನೆಗಳು ಬಳಸುವ ಪದವೇ ಅದು. ಮೈಸೂರಿನಲ್ಲಿ ಮನೆಯಲ್ಲೇ ಕೂತು ಬತ್ತಿ ಹೊಸೆಯುವವರ ಅಂಗೈ ಗೆರೆಗಳಲ್ಲಿ ಇದ್ದಿಲ ಪುಡಿ ಕೂತಿರುತ್ತದೆ. ಆ ಅಕ್ಕಂದಿರು ಈ ಕೆಲಸ ನೋಡಬೇಕು ಅನ್ನೋದು ನನ್ನ ಆಸೆ. ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಕಲಾಪ್ರದರ್ಶನಕ್ಕೆ ಹೋದದ್ದು ಕೂದಲು. ನಂಜನಗೂಡಿನ ರಸ್ತೆಯಲ್ಲಿ ನಿಂತು ಲಾರಿಗಳನ್ನು ನೋಡಿ, ದೃಷ್ಟಿ ತಾಗದಿರಲಿ ಅಂತ ಬಂಪರ್‌ಗೆ ಕರಿ ಹಗ್ಗ ಸುತ್ತಿರುತ್ತಾರೆ. ದೇವರಿಗೆ ಮುಡಿ ಕೊಟ್ಟ ಕೂದಲಿಂದ ಹೊಸೆದ ಅಂಥದ್ದೇ ಹಗ್ಗ, ಸುಮಾರು 4 ಕಿಲೋಮೀಟರ್. ಜೊತೆಗೆ ಕಾರಿನ 20 ಬಂಪರ್‌ಗಳು. ಆ ಕಬ್ಬಿಣವನ್ನೆಲ್ಲ ಗೋಡೆಯಲ್ಲಿ ಎತ್ತಿ ಹಿಡಿದಿರುವುದು ಯಾರದೋ ಮುಡಿಯ ಕೂದಲು.