ಎಲೆಕ್ಟ್ರಿಕ್ ಕಾರು ಜೋರಾಗಿ ಗುದ್ದಿದರೆ ಒಳಗಿದ್ದವರು ಹೊರಗೆ ಬರಬಹುದಾ?

ಪ್ರಶ್ನೆ: ಎಲೆಕ್ಟ್ರಿಕ್ ಕಾರು ತಗೋಬೇಕು ಅಂತ ಇದ್ದೇವೆ. ಆದರೆ ಅಮ್ಮನಿಗೆ ಭಯ. ಹೈವೇಯಲ್ಲಿ ಜೋರಾಗಿ ಡಿಕ್ಕಿಯಾದರೆ ಕರೆಂಟ್ ಹೊಡೆಯುತ್ತೆ, ಬ್ಯಾಟರಿ ಹೊತ್ತಿಕೊಳ್ಳುತ್ತೆ, ಬಾಗಿಲು ತೆರೆಯೋದೇ ಇಲ್ಲ ಅಂತ ಯಾರೋ ಹೇಳಿದ್ದಾರೆ. ಇದರಲ್ಲಿ ನಿಜ ಎಷ್ಟು? ಅಂಥ ಅಪಘಾತದಲ್ಲಿ ಬದುಕಿ ಬರೋಕೆ ಸಾಧ್ಯನಾ?

ಉತ್ತರ: ಸಾಧ್ಯ. ನಿಮ್ಮ ಅಮ್ಮನ ಭಯದಲ್ಲಿ ಅರ್ಥವೂ ಇದೆ. ಆದರೆ ಅವರು ಹೇಳಿದ ಮೂರು ಭಯಗಳ ತೂಕ ಒಂದೇ ಅಲ್ಲ. ಕರೆಂಟ್ ಹೊಡೆಯುವ ಭಯವನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. ಬೆಂಕಿ ಅಪರೂಪ, ಆದರೆ ಬಂದರೆ ಸಾಮಾನ್ಯ ಬೆಂಕಿಯಲ್ಲ. ಬಾಗಿಲಿನ ವಿಷಯದಲ್ಲಿ ಮಾತ್ರ ಅಮ್ಮ ಹೇಳಿದ್ದನ್ನು ಕಾರು ಮಾರುವವರೂ ಕೊಳ್ಳುವವರೂ ಕೂತು ಕೇಳಬೇಕು.

ಮೊದಲು ಒಂದು ನಿಜವಾದ ಘಟನೆ. 2023ರ ಜನವರಿ 2ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಮುದ್ರದ ಅಂಚಿನ ಹೆದ್ದಾರಿಯಿಂದ ಟೆಸ್ಲಾ ಮಾಡೆಲ್ ವೈ ಕಾರೊಂದು ಪ್ರಪಾತಕ್ಕೆ ಬಿತ್ತು. ಆ ಜಾಗದ ಹೆಸರು ಡೆವಿಲ್ಸ್ ಸ್ಲೈಡ್. ಆಳ ಸುಮಾರು 250 ಅಡಿ. ಒಳಗೆ ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ನಾಲ್ಕೂ ಜನ ಬದುಕಿದರು. ಅಲ್ಲಿ ಬಿದ್ದವರು ಉಳಿಯುವುದು ತೀರಾ ಅಪರೂಪ ಅಂತ ರಕ್ಷಣೆಗೆ ಇಳಿದ ಅಗ್ನಿಶಾಮಕದವರೇ ಆಶ್ಚರ್ಯಪಟ್ಟರು. ಬಾಗಿಲುಗಳು ಜಜ್ಜಿಹೋಗಿದ್ದರಿಂದ ಕಾರನ್ನು ಕತ್ತರಿಸಬೇಕಾಯಿತು. ಮಕ್ಕಳನ್ನು ಹಗ್ಗ ಕಟ್ಟಿ ಬುಟ್ಟಿಯಲ್ಲಿ ಮೇಲೆತ್ತಿದರು, ದೊಡ್ಡವರನ್ನು ಹೆಲಿಕಾಪ್ಟರ್‌ನಲ್ಲಿ. ಕಾರು ಹೇಗೆ ಕೆಳಗೆ ಹೋಯಿತು ಎನ್ನುವುದು ಕೋರ್ಟಿನ ಮೆಟ್ಟಿಲು ಹತ್ತಿದ ವಿಷಯ, ಅದು ಇಲ್ಲಿ ಬೇಡ. ಇಲ್ಲಿ ನೋಡಬೇಕಾದದ್ದು ಎರಡು. ಜನ ಕೂತಿದ್ದ ಜಾಗ ಪೂರ್ತಿ ಅಪ್ಪಚ್ಚಿಯಾಗಲಿಲ್ಲ. ಬ್ಯಾಟರಿ ಹೊತ್ತಿಕೊಳ್ಳಲಿಲ್ಲ.

ಒಂದು ಘಟನೆ ನೋಡಿ ಎಲ್ಲ ಕಾರೂ ಹೀಗೇ ಅನ್ನೋಕಾಗಲ್ಲ, ಅಲ್ವಾ? ಆದರೂ ಎಲೆಕ್ಟ್ರಿಕ್ ಕಾರಿನ ಕಟ್ಟುವಿಕೆಯಲ್ಲಿ ಕೆಲವು ಅನುಕೂಲಗಳು ನಿಜಕ್ಕೂ ಇವೆ. ಬಾನೆಟ್ ಕೆಳಗೆ ದೊಡ್ಡ ಎಂಜಿನ್ ಇಲ್ಲ. ಹಾಗಾಗಿ ಗುದ್ದಿದಾಗ ಮುಂಭಾಗ ಮಡಚಿಕೊಂಡು ಪೆಟ್ಟು ನುಂಗಿಕೊಳ್ಳಲು ಜಾಗ ಜಾಸ್ತಿ. ಬ್ಯಾಟರಿ ಕಾರಿನ ತಳದಲ್ಲಿ, ಗಟ್ಟಿ ಪೆಟ್ಟಿಗೆಯೊಳಗೆ ಇರುತ್ತದೆ. ಭಾರವೆಲ್ಲ ಕೆಳಗಿರುವುದರಿಂದ ಕಾರು ಪಲ್ಟಿಯಾಗುವುದು ಕಡಿಮೆ.

ನಮ್ಮ ದೇಶದಲ್ಲೂ ಈಗ ಇದನ್ನು ಗುದ್ದಿಸಿಯೇ ನೋಡುತ್ತಾರೆ. ಕಾರಿನ ಸುರಕ್ಷತೆ ಅಳೆದು ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಶುರುವಾಯಿತು. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಒಂದು ಪಕ್ಕವನ್ನು ಅಡ್ಡಗಟ್ಟೆಗೆ ಗುದ್ದಿಸುತ್ತಾರೆ. ಪಕ್ಕದಿಂದ 50 ಕಿ.ಮೀ. ವೇಗದಲ್ಲಿ ಇನ್ನೊಂದು ಗುದ್ದು. ಟಾಟಾ ಪಂಚ್ ಇವಿ, ನೆಕ್ಸಾನ್ ಇವಿ, ಮಹೀಂದ್ರ ಬಿಇ 6, ಎಕ್ಸ್‌ಇವಿ 9ಇ ಇವೆಲ್ಲ ಇದರಲ್ಲಿ 5 ಸ್ಟಾರ್ ಪಡೆದಿವೆ. ದೊಡ್ಡವರ ರಕ್ಷಣೆಗೆ ಇರುವ 32 ಅಂಕದಲ್ಲಿ ಪಂಚ್ ಇವಿಗೆ 31.46 ಸಿಕ್ಕಿದೆ.

ಆದರೆ ಈ ಸ್ಟಾರ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಪರೀಕ್ಷೆಯ ವೇಗ 64. ಬೆಂಗಳೂರು–ಮೈಸೂರು ಹೈವೇಯಲ್ಲಿ ಕಾರಿಗಿರುವ ಮಿತಿ 100. ವೇಗ 64ರಿಂದ 100ಕ್ಕೆ ಏರಿದರೆ ಪೆಟ್ಟಿನ ಶಕ್ತಿ ಒಂದೂವರೆ ಪಟ್ಟಲ್ಲ, ಸುಮಾರು ಎರಡೂವರೆ ಪಟ್ಟಾಗುತ್ತದೆ. ಅಲ್ಲದೆ ಪರೀಕ್ಷೆಯಲ್ಲಿ ಎದುರಿಗೆ ಬರುವುದು ಹೆಚ್ಚುಕಡಿಮೆ ಅದೇ ಗಾತ್ರದ ಕಾರು ಎಂಬ ಲೆಕ್ಕ. ಲಾರಿಯಲ್ಲ. 2024ರ ಡಿಸೆಂಬರ್‌ನಲ್ಲಿ ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಜನ ಹೋದರು. ಅದು ಸುರಕ್ಷತೆಗೇ ಹೆಸರಾದ ವೋಲ್ವೋ ಕಾರು. ಅಷ್ಟು ಭಾರ ಮೇಲೆ ಬಿದ್ದರೆ ಯಾವ ಸ್ಟಾರ್ ಏನು ಮಾಡೀತು? ಪೆಟ್ರೋಲ್ ಆದರೂ ಅಷ್ಟೇ, ಬ್ಯಾಟರಿ ಆದರೂ ಅಷ್ಟೇ.

ಇನ್ನೊಂದು, ಬೆಲ್ಟು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ 8,331 ಜನ ಕಾರು ಓಡಿಸುತ್ತಿದ್ದವರಲ್ಲ, ಜೊತೆಗೆ ಕೂತವರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಹೋದರು. ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. ನಮ್ಮ ಮನೆಗಳಲ್ಲಿ ಹಿಂದೆ ಕೂರುವುದು ಯಾರು? ಅಮ್ಮ, ಅಜ್ಜಿ, ಮಡಿಲಲ್ಲಿ ಮಗು. ಡಿಕ್ಕಿಯಾದಾಗ ಮಡಿಲಲ್ಲಿದ್ದ ಮಗುವನ್ನು ಯಾವ ತಾಯಿಯ ಕೈಯೂ ಹಿಡಿದಿಟ್ಟುಕೊಳ್ಳಲಾರದು. ಚೈಲ್ಡ್ ಸೀಟ್ ದುಬಾರಿ ಅನ್ನುವವರಿಗೆ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ, ಕಾರಿನ ಬೇರೆ ಯಾವ ಅಲಂಕಾರ ಬೇಕಾದರೂ ಬಿಡಿ, ಇದೊಂದನ್ನು ಬಿಡಬೇಡಿ.

ಈಗ ಕರೆಂಟಿನ ಮಾತು. ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟ್ ಇರುತ್ತದೆ, ಕೆಲವು ಕಾರುಗಳಲ್ಲಿ 800. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಈ ವೋಲ್ಟೇಜಿನ ಪ್ಲಸ್ ತಂತಿಯೂ ಮೈನಸ್ ತಂತಿಯೂ ಕಾರಿನ ಬಾಡಿಗೆ ತಾಗಿರುವುದಿಲ್ಲ. ಎರಡೂ ಬೇರೆಯಾಗಿ, ಕಿತ್ತಳೆ ಬಣ್ಣದ ದಪ್ಪ ಕವಚದೊಳಗೆ ಓಡುತ್ತವೆ. ಆದ್ದರಿಂದ ಬಾಡಿ ಮುಟ್ಟಿದ ಮಾತ್ರಕ್ಕೆ ಶಾಕ್ ಹೊಡೆಯುವುದಿಲ್ಲ. ಇನ್ನು, ಏರ್‌ಬ್ಯಾಗ್ ಬಿಚ್ಚಲು ಹೇಳುವ ಸಾಧನವೇ ಬ್ಯಾಟರಿಯನ್ನೂ ಕಾರಿನಿಂದ ಬೇರ್ಪಡಿಸಲು ಹೇಳುತ್ತದೆ. ಬ್ಯಾಟರಿ ಪೆಟ್ಟಿಗೆಯೊಳಗಿನ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ ಬಿಟ್ಟುಕೊಳ್ಳುತ್ತದೆ. ಹಲವು ಕಾರುಗಳಲ್ಲಿ ಪೈರೋ ಫ್ಯೂಸ್ ಅಂತ ಒಂದಿರುತ್ತದೆ. ಸಣ್ಣ ಮದ್ದು ಸಿಡಿಸಿ ತಂತಿಯನ್ನು ಕತ್ತರಿಸಿಯೇ ಬಿಡುತ್ತದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಇದೆಲ್ಲ ಮುಗಿದಿರುತ್ತದೆ.

ಆದರೂ ಒಂದು ಎಚ್ಚರ ಬೇಕು. ಸ್ವಿಚ್ ಬಿಟ್ಟರೂ ಬ್ಯಾಟರಿ ಪೆಟ್ಟಿಗೆಯೊಳಗಿನ ಶಕ್ತಿ ಎಲ್ಲೂ ಹೋಗಿರುವುದಿಲ್ಲ. ಆದ್ದರಿಂದ ಕಿತ್ತಳೆ ತಂತಿ ಹರಿದು ಹೊರಗೆ ಕಂಡರೆ, ತಳದ ಪೆಟ್ಟಿಗೆ ಸೀಳಿ ಬಾಯಿಬಿಟ್ಟಿದ್ದರೆ, ಅದನ್ನು ಮುಟ್ಟಬೇಡಿ. ಬೇರೆಯವರಿಗೂ ಮುಟ್ಟಲು ಬಿಡಬೇಡಿ.

ಬೆಂಕಿಗೆ ಬರೋಣ. 2022ರಲ್ಲಿ ನಮ್ಮಲ್ಲಿ ಸ್ಕೂಟರ್‌ಗಳು ಒಂದರ ಹಿಂದೆ ಒಂದು ಹೊತ್ತಿಕೊಂಡಿದ್ದು ಎಲ್ಲರ ನೆನಪಲ್ಲಿದೆ. ಅದಾದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ನಿಯಮಗಳನ್ನು ಬಿಗಿ ಮಾಡಿತು. ಕಾರಿನ ನಿಯಮದ ಹೆಸರು ಎಐಎಸ್-038, ಸ್ಕೂಟರಿನದು ಎಐಎಸ್-156. 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ಬಂದವು. ಎಷ್ಟು ಸಲ ಹೊತ್ತಿಕೊಳ್ಳುತ್ತವೆ ಅಂತ ಕೇಳಿದರೆ, ಸ್ವೀಡನ್ನಿನ ಸರ್ಕಾರಿ ಸಂಸ್ಥೆಯೊಂದು 2022ರಲ್ಲಿ ಇಡೀ ದೇಶದಲ್ಲಿ ಲೆಕ್ಕ ಹಾಕಿದ್ದು 23 ಎಲೆಕ್ಟ್ರಿಕ್ ಕಾರುಗಳ ಬೆಂಕಿ. ಅಲ್ಲಿ ಎಲೆಕ್ಟ್ರಿಕ್ ಕಾರುಗಳು ಲಕ್ಷಗಟ್ಟಲೆ ಇವೆ. ಅವುಗಳಲ್ಲಿ ಹೆಚ್ಚಿನವು ಹೊಸ ಕಾರುಗಳು ಎನ್ನುವುದನ್ನೂ ಸೇರಿಸಿ ನೋಡಬೇಕು. ಆದರೂ, ಡಿಕ್ಕಿಯಾದ ಕೂಡಲೇ ಬಾಂಬಿನಂತೆ ಸಿಡಿಯುತ್ತದೆ ಎನ್ನುವ ಮಾತು ಸುಳ್ಳು.

ಸಾಮಾನ್ಯವಾಗಿ ಆಗುವುದು ಬೇರೆ. ಗುದ್ದಿನಲ್ಲಿ ಬ್ಯಾಟರಿಯೊಳಗಿನ ನೂರಾರು ಸಣ್ಣ ಸೆಲ್‌ಗಳಲ್ಲಿ ಕೆಲವು ಜಜ್ಜಿಹೋಗುತ್ತವೆ. ಒಳಗೇ ಶಾರ್ಟ್ ಆಗಿ ಒಂದು ಸೆಲ್ ಕಾದು, ಪಕ್ಕದ ಸೆಲ್ಲನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು. ಇದಕ್ಕೆ ಕೆಲವೊಮ್ಮೆ ನಿಮಿಷಗಳು ಹಿಡಿಯುತ್ತವೆ, ಕೆಲವೊಮ್ಮೆ ಗಂಟೆಗಳು. ಬಸ್ಸೆಂದು ಗಾಳಿ ಬಿಡುವ ಸದ್ದು, ಟಪ್ ಟಪ್ ಸದ್ದು, ತಳದಿಂದ ಬಿಳಿ ಹೊಗೆ, ಕೆಮಿಕಲ್ ವಾಸನೆ. ಇವೇ ಮುನ್ಸೂಚನೆ. ಆ ಹೊಗೆಯಲ್ಲಿ ವಿಷದ ಅನಿಲಗಳಿರುತ್ತವೆ, ಬಗ್ಗಿ ನೋಡಲು ಹೋಗಬೇಡಿ. ಸೆಲ್ ತಾನಾಗಿ ಕೆಟ್ಟರೆ ಒಳಗಿದ್ದವರಿಗೆ ಅಪಾಯ ಮುಟ್ಟುವ 5 ನಿಮಿಷ ಮೊದಲೇ ಎಚ್ಚರಿಕೆ ಬರಬೇಕು ಎಂಬ ನಿಯಮ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿದೆ. ಆದರೆ ಅದು ಡಿಕ್ಕಿಯಲ್ಲಿ ಜಜ್ಜಿಹೋದ ಬ್ಯಾಟರಿಗೆ ಕೊಟ್ಟ ಭರವಸೆಯಲ್ಲ. ಐದು ನಿಮಿಷ ಇದೆ ಅಂತ ಮೊಬೈಲ್, ಬ್ಯಾಗು ಹುಡುಕುತ್ತ ಕೂರಬಾರದು.

ಕಾರಿನಲ್ಲಿಟ್ಟ ಸಣ್ಣ ಅಗ್ನಿಶಾಮಕ ಸಿಲಿಂಡರ್ ಸೀಟಿಗೋ ತಂತಿಗೋ ಹತ್ತಿದ ಬೆಂಕಿಗೆ ಆದೀತು. ಬ್ಯಾಟರಿಯೇ ಹೊತ್ತಿಕೊಂಡರೆ ಅದು ಸಾಲುವುದಿಲ್ಲ. ಸಾವಿರಾರು ಲೀಟರ್ ನೀರು ಬೇಕು.

ಇನ್ನು ನನ್ನನ್ನು ನಿಜಕ್ಕೂ ಕಾಡುವ ವಿಷಯ, ಬಾಗಿಲು. ಕಾರಿನ ಲಾಕ್, ಗಾಜು, ಲೈಟು ಇವಕ್ಕೆಲ್ಲ ಕರೆಂಟ್ ಕೊಡುವುದು ತಳದ ದೊಡ್ಡ ಬ್ಯಾಟರಿ ಅಲ್ಲ. ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ ಸಣ್ಣ 12 ವೋಲ್ಟ್ ಬ್ಯಾಟರಿ. ಅನೇಕ ಕಾರುಗಳಲ್ಲಿ ಅದು ಬಾನೆಟ್ ಕೆಳಗೇ ಇರುತ್ತದೆ. ಮುಂದಿನಿಂದ ಗುದ್ದಿದರೆ ಮೊದಲು ಒಡೆಯುವವುಗಳಲ್ಲಿ ಅದೂ ಒಂದು. ಬಾಗಿಲು ತಂತಿ ಎಳೆದು ತೆರೆಯುವ ಹಳೇ ಥರದ್ದಾದರೆ ಚಿಂತೆಯಿಲ್ಲ. ಬಟನ್ ಒತ್ತಿ ತೆರೆಯುವಂಥದ್ದಾದರೆ, ಆ 12 ವೋಲ್ಟ್ ಹೋದ ಮೇಲೆ ಬಟನ್ ಸುಮ್ನೆ ಒಂದು ಪ್ಲಾಸ್ಟಿಕ್ ತುಂಡು. ಹೊರಗಿನ ಹಿಡಿಕೆ ಬಾಗಿಲೊಳಗೆ ಅಡಗಿಕೊಂಡಿದ್ದರೆ ಸಹಾಯಕ್ಕೆ ಓಡಿಬಂದವರಿಗೂ ಹಿಡಿಯಲು ಏನೂ ಸಿಗದು.

ಇದು ಸುಮ್ನೆ ಊಹೆ ಅಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2025ರ ಸೆಪ್ಟೆಂಬರ್‌ನಲ್ಲಿ 2021ರ ಟೆಸ್ಲಾ ಮಾಡೆಲ್ ವೈ ಕಾರುಗಳ ಎಲೆಕ್ಟ್ರಾನಿಕ್ ಹಿಡಿಕೆಗಳ ಬಗ್ಗೆ ತನಿಖೆ ಶುರುಮಾಡಿತು. ಅಡಗಿದ ಹಿಡಿಕೆಗಳಿಗೆ ಮುಗಿಬಿದ್ದಿದ್ದ ಚೀನಾದಲ್ಲೇ ಈಗ, 2027ರ ಜನವರಿಯಿಂದ ಹೊಸದಾಗಿ ಬರುವ ಮಾಡೆಲ್‌ಗಳ ಬಾಗಿಲಿಗೆ ಒಳಗೂ ಹೊರಗೂ ಕರೆಂಟ್ ಇಲ್ಲದೆ ತೆರೆಯುವ ವ್ಯವಸ್ಥೆ ಇರಲೇಬೇಕು ಎಂದು ನಿಯಮ ಮಾಡಿದ್ದಾರೆ. ನಮ್ಮಲ್ಲೂ ಇಂಥ ನಿಯಮ ಬರಬೇಕು ಅಂತ ನನ್ನ ಬಲವಾದ ಆಸೆ.

ಬಟನ್ ಬಾಗಿಲಿನ ಕಾರುಗಳಲ್ಲೂ ಕೈಯಿಂದ ಎಳೆಯುವ ಗುಪ್ತ ಹಿಡಿಕೆ ಸಾಮಾನ್ಯವಾಗಿ ಇರುತ್ತದೆ. ತೊಂದರೆ ಏನೆಂದರೆ ಅದು ಎಲ್ಲಿದೆ ಅಂತ ಮಾಲೀಕರಿಗೇ ಗೊತ್ತಿರುವುದಿಲ್ಲ. ಹಿಂದಿನ ಬಾಗಿಲಲ್ಲಿ ಅದು ಬಾಗಿಲ ಜೇಬಿನ ತಳದಲ್ಲಿ, ಮ್ಯಾಟ್ ಕೆಳಗೆ ಅಡಗಿರುವುದೂ ಉಂಟು. ಹೊಗೆ ತುಂಬಿದಾಗ ಅದನ್ನು ತಡಕುವುದು ಹೇಗೆ? ಇನ್ನೊಂದನ್ನು ನಾವೆಲ್ಲ ಮರೆಯುತ್ತೇವೆ. ಮಕ್ಕಳಿಗಾಗಿ ಚೈಲ್ಡ್ ಲಾಕ್ ಹಾಕಿದ್ದರೆ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಇದು ಪೆಟ್ರೋಲ್ ಕಾರಿಗೂ ಅನ್ವಯಿಸುತ್ತದೆ. ದೊಡ್ಡವರು ಮಾತ್ರ ಹಿಂದೆ ಕೂತ ದಿನ ಅದನ್ನು ತೆಗೆದಿಡಿ.

ಗಾಜು ಒಡೆಯುವ ಸುತ್ತಿಗೆ ಇಟ್ಟುಕೊಳ್ಳಿ, ಆದರೆ ಮೊದಲು ಗಾಜಿನ ಮೂಲೆಯಲ್ಲಿರುವ ಸಣ್ಣ ಬರಹ ಓದಿ. ಟೆಂಪರ್ಡ್ ಅಂತಿದ್ದರೆ ಮೂಲೆಗೆ ಹೊಡೆದ ಕೂಡಲೇ ಪುಡಿಯಾಗುತ್ತದೆ. ಲ್ಯಾಮಿನೇಟೆಡ್ ಅಂತಿದ್ದರೆ ಬಿರುಕು ಬಿಟ್ಟೀತೇ ಹೊರತು ದಾರಿ ಬಿಡದು. ಈಗಿನ ಕೆಲವು ಕಾರುಗಳಲ್ಲಿ ಸದ್ದು ಕಡಿಮೆಯಾಗಲಿ ಅಂತ ಪಕ್ಕದ ಗಾಜನ್ನೂ ಲ್ಯಾಮಿನೇಟೆಡ್ ಮಾಡಿರುತ್ತಾರೆ.

ಡಿಕ್ಕಿಯಾದ ಕ್ಷಣಕ್ಕೆ ಬರೋಣ. ಪ್ರಜ್ಞೆ ಇದ್ದರೆ ಮೊದಲು ಕಾರನ್ನು ಪಾರ್ಕ್‌ಗೆ ಹಾಕಿ ಆಫ್ ಮಾಡಿ. ಎಂಜಿನ್ ಸದ್ದಿಲ್ಲದ ಕಾರು ನಿಂತಂತೆ ಕಂಡರೂ ಚಾಲೂ ಇರಬಹುದು, ಕಾಲು ತಾಗಿದರೆ ಮುಂದಕ್ಕೆ ನುಗ್ಗೀತು. ಆಮೇಲೆ ಬೆಲ್ಟ್ ಬಿಚ್ಚಿ ಇಳಿಯಿರಿ. ಗಾಳಿ ಬರುವ ದಿಕ್ಕಿಗೆ, 15 ಮೀಟರ್‌ಗಿಂತ ದೂರ ಹೋಗಿ, ರಸ್ತೆಯ ಮಧ್ಯೆ ನಿಲ್ಲಬೇಡಿ. ಕುತ್ತಿಗೆಗೋ ಬೆನ್ನಿಗೋ ಪೆಟ್ಟಾದವರನ್ನು ಸುಮ್ಮನೆ ಎಳೆದಾಡಬಾರದು ನಿಜ. ಆದರೆ ಹೊಗೆ ಕಂಡರೆ ಆ ಲೆಕ್ಕ ಬಿಡಿ, ಹೊರಗೆ ತನ್ನಿ. 112ಕ್ಕೆ ಫೋನ್ ಮಾಡಿ, ಆಂಬುಲೆನ್ಸ್‌ಗೆ 108. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಇದು ಎಲೆಕ್ಟ್ರಿಕ್ ಕಾರು ಅಂತ ಮೊದಲೇ ಹೇಳಿ. ಅಗ್ನಿಶಾಮಕದವರು ಅದಕ್ಕೆ ತಕ್ಕ ತಯಾರಿ ಮಾಡಿಕೊಂಡು ಬರುತ್ತಾರೆ.

ದಾರಿಹೋಕರಾಗಿ ನೀವೇ ಸಹಾಯಕ್ಕೆ ಓಡಿದರೆ ಗುರುತು ಸುಲಭ. ಹಸಿರು ನಂಬರ್ ಪ್ಲೇಟ್ ಇದ್ದರೆ ಎಲೆಕ್ಟ್ರಿಕ್. ಪೊಲೀಸ್, ಕೋರ್ಟು ಅಂತ ಹೆದರಿ ಹಿಂದೆ ಸರಿಯಬೇಡಿ. ಸಹಾಯ ಮಾಡಿದವರನ್ನು ಕಾಪಾಡುವ ಕಾನೂನು ಕರ್ನಾಟಕದಲ್ಲಿ ಇದೆ. ಗಾಯಾಳುಗಳಿಗೆ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯ ತನಕ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ 2025ರ ಮೇ ತಿಂಗಳಿಂದ ಇದೆ.

ಎಲ್ಲರೂ ಬಚಾವಾದ ಮೇಲೂ ಕಾರನ್ನು ಮನೆ ಮುಂದೆ ತಂದು ನಿಲ್ಲಿಸಬೇಡಿ. 2018ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಗುದ್ದಿದ ಟೆಸ್ಲಾ ಕಾರಿನ ಬ್ಯಾಟರಿ, ಐದು ದಿನ ಕಳೆದು ಯಾರ್ಡ್‌ನಲ್ಲಿ ನಿಂತಿದ್ದಾಗ ಮತ್ತೆ ಹೊತ್ತಿಕೊಂಡಿತ್ತು. ಅದಕ್ಕೇ ಪೆಟ್ಟಾದ ಎಲೆಕ್ಟ್ರಿಕ್ ಕಾರನ್ನು ಬಯಲಲ್ಲಿ, ಬೇರೆ ಗಾಡಿ ಮತ್ತು ಕಟ್ಟಡಗಳಿಂದ 50 ಅಡಿ ದೂರ ಇಡಬೇಕು ಅನ್ನುತ್ತಾರೆ. ಬೇಸ್‌ಮೆಂಟ್ ಪಾರ್ಕಿಂಗ್ ಅಂತೂ ಬೇಡವೇ ಬೇಡ. ದೊಡ್ಡ ಡಿಕ್ಕಿಯೇ ಆಗಬೇಕೆಂದಿಲ್ಲ. ಕಲ್ಲಿಗೋ ರಸ್ತೆಯ ಎತ್ತರದ ಹಂಪ್‌ಗೋ ತಳ ಜೋರಾಗಿ ಬಡಿದರೂ ಸರ್ವೀಸ್ ಸೆಂಟರ್‌ನಲ್ಲಿ ಬ್ಯಾಟರಿ ಪೆಟ್ಟಿಗೆ ತೋರಿಸಿಯೇ ಚಾರ್ಜ್‌ಗೆ ಹಾಕಿ.

ಶೋರೂಮಿಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಬಾಗಿಲು ಮುಚ್ಚಿ. ಕರೆಂಟ್ ಇಲ್ಲದಾಗ ಇದು ಹೇಗೆ ತೆರೆಯುತ್ತೆ ಅಂತ ಮಾರುವವರನ್ನು ಕೇಳಿ. ಅವರು ತೋರಿಸಿದ ಮೇಲೆ ಅಮ್ಮನೇ ಒಂದು ಸಲ ಕೈಯಾರೆ ತೆರೆದು ಇಳಿಯಲಿ. ಅವರ ಕೈಗೆ ಎಟುಕದಿದ್ದರೆ, ಎಳೆಯಲು ಶಕ್ತಿ ಸಾಲದಿದ್ದರೆ, ಬೇರೆ ಮಾಡೆಲ್ ನೋಡಿ.